ಲೆಕ್ಕ ಕೇಳಿ, ಮನೆ ನಂಬರ್ ಕೇಳಬೇಡಿ

ಗೋಕರ್ಣದ ರಾಮತೀರ್ಥ ಗುಡ್ಡದ ಗುಹೆಯಲ್ಲಿ ಇಬ್ಬರು ಎಳೆಯ ಮಕ್ಕಳೊಂದಿಗೆ ಇದ್ದ ವಿದೇಶಿ ಮಹಿಳೆಯೊಬ್ಬರನ್ನು 2025ರ ಜುಲೈಯಲ್ಲಿ ಗಸ್ತಿನ ಪೊಲೀಸರು ಕಂಡು ಕೆಳಗಿಳಿಸಿ ತಂದರು. ಮಳೆಗಾಲ, ಕುಸಿಯುವ ಗುಡ್ಡ. ತಂದದ್ದು ಸರಿಯೇ. ಆದರೆ ಗುಹೆಯೊಳಗೆ ಯಾರಿಗೂ ಕಾಣದಿದ್ದ ಮೂವರು ಹೊರಬಂದ ಕೂಡಲೇ ಇಡೀ ದೇಶದ ಬಾಯಿಗೆ ಬಿದ್ದರು. ತಾಯಿಯ ಹೆಸರು, ವೀಸಾ ಮುಗಿದ ವರ್ಷ, ಮಕ್ಕಳ ಹೆಸರು, ವಯಸ್ಸು, ಮುಖ, ಕೊನೆಗೆ ಅವರನ್ನು ಇರಿಸಿದ ಕುಮಟಾ ತಾಲೂಕಿನ ಆಶ್ರಮ ಯಾವುದು ಎಂಬುದೂ ಸುದ್ದಿಯಾಯಿತು. ಅವರು ಆಶ್ರಯ ಬೇಡಿ ಬಂದವರಲ್ಲ, ನಿಜ. ಆದರೂ ಹೊರದೇಶದಿಂದ ಬಂದು ನಮ್ಮ ನೆಲದಲ್ಲಿ ನಿಂತವರನ್ನು ಎಲ್ಲಿ ಇರಿಸಬೇಕು, ಅದನ್ನು ಯಾರಿಗೆ ತಿಳಿಸಬೇಕು ಎಂಬ ಪ್ರಶ್ನೆ ಕುಮಟಾ, ಹೊನ್ನಾವರ, ಭಟ್ಕಳದವರ ಮುಂದೆ ಇಷ್ಟು ನೇರವಾಗಿ ಬಂದದ್ದು ಆಗಲೇ. ಇಂಥವರ ಹೆಸರು, ವಿಳಾಸ ಗುಟ್ಟಾಗಿರಬೇಕು ಎಂದರೆ ಕರಾವಳಿಯಲ್ಲಿ ತಕ್ಷಣ ಎದುರಾಗುವ ಮಾತುಗಳು ಕೆಲವಿವೆ. ಒಂದೊಂದಕ್ಕೂ ಉತ್ತರ ಕೊಡುತ್ತೇನೆ.

ಮೊದಲನೆಯದು ತೆರಿಗೆಯ ಮಾತು. ‘ನಮ್ಮ ದುಡ್ಡಲ್ಲಿ ಅನ್ನ ಹಾಕ್ತಾರೆ, ಯಾರಿಗೆ ಅಂತ ನಾವು ಕೇಳಬಾರದೇ?’ ಕೇಳಬೇಕು. ಯಾವ ಇಲಾಖೆ ಹಣ ಕೊಡುತ್ತಿದೆ, ಕಟ್ಟಡ ಯಾರದ್ದು, ಬಾಡಿಗೆ ಎಷ್ಟು, ಅಡುಗೆಯ ಗುತ್ತಿಗೆ ಯಾರಿಗೆ, ಎಷ್ಟು ಜನ, ಎಷ್ಟು ದಿನ, ಹೊಣೆ ಯಾವ ಅಧಿಕಾರಿಯದು? ಈ ಪ್ರಶ್ನೆಗಳಲ್ಲಿ ಒಂದಕ್ಕೂ ಉಣ್ಣುವವರ ಹೆಸರು ಬೇಕಾಗಿಲ್ಲ. ನಮ್ಮದೇ ಜಿಲ್ಲೆಯ ಮುಂಡಗೋಡ ನೋಡಿ. 1966ರಿಂದ ಅಲ್ಲಿ ಟಿಬೆಟನ್ನರ ಕಾಲೊನಿ ಇದೆ. ಸರ್ಕಾರ ಕೊಟ್ಟ ಜಾಗ ಸುಮಾರು 4000 ಎಕರೆ, ಅದು ಕಾಡಿನ ಭೂಮಿ, ಕ್ಯಾಂಪುಗಳಿಗೆ ನಂಬರ್ ಉಂಟು, ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಎಲ್ಲಿವೆ ಎಂದು ಬಸ್ ಕಂಡಕ್ಟರ್‌ಗೂ ಗೊತ್ತು. ಆ ವ್ಯವಸ್ಥೆಯಲ್ಲಿ ಊರು ತಿಳಿಯಬೇಕಾದದ್ದೆಲ್ಲ ಊರಿಗೆ ತಿಳಿದಿದೆ. ಯಾವ ಮನೆಯಲ್ಲಿ ಯಾರ ನೋಂದಣಿ ಪತ್ರದ ಅವಧಿ ಮುಗಿಯುತ್ತ ಬಂದಿದೆ ಎಂಬುದು ಮಾತ್ರ ನೋಂದಣಿ ಅಧಿಕಾರಿಯ ಕಡತದಲ್ಲಿದೆ. ಅರವತ್ತು ವರ್ಷವಾಗುತ್ತ ಬಂತು, ಆ ಕಡತ ತೆರೆದು ಓದಬೇಕೆಂದು ಮುಂಡಗೋಡದ ಯಾವ ತೆರಿಗೆದಾರನಿಗೂ ಅನ್ನಿಸಿದ ಹಾಗಿಲ್ಲ.

‘ಖಾಸಗಿತನವೆಲ್ಲ ಈ ದೇಶದ ಪ್ರಜೆಗಳಿಗೆ, ಹೊರಗಿನವರಿಗೆ ಎಲ್ಲಿಯದು?’ ಎಂಬುದು ಎರಡನೆಯ ಮಾತು. ಇದಕ್ಕೆ ಹೆಚ್ಚು ಹೊತ್ತು ಬೇಡ. ಸಂವಿಧಾನದ 19ನೇ ವಿಧಿ ನಾಗರಿಕರಿಗೆ ಮಾತ್ರ, 21ನೇ ವಿಧಿ ‘ಯಾವುದೇ ವ್ಯಕ್ತಿ’ಗೆ. ಅರುಣಾಚಲದ ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಇದನ್ನು ಖಚಿತಪಡಿಸಿದೆ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮುಖ್ಯವಾಗಿ ಆ 21ನೇ ವಿಧಿಯೊಳಗೇ ಕಂಡಿತು. ಆ ಮೊಕದ್ದಮೆ ಹೂಡಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಇನ್ನೊಂದು ತಮಾಷೆ ಇದೆ: ಮಾಹಿತಿ ಹಕ್ಕು ಇರುವುದು ನಾಗರಿಕರಿಗೆ ಮಾತ್ರ. ಅಂದರೆ ನೀವು ಆಶ್ರಯದಲ್ಲಿರುವವರ ಬಗ್ಗೆ ಅರ್ಜಿ ಹಾಕಬಹುದು. ನಿಮ್ಮ ಅರ್ಜಿಗೆ ಏನು ಉತ್ತರ ಹೋಯಿತು ಎಂದು ಕೇಳಿ ಅವರು ಅರ್ಜಿ ಹಾಕುವಂತಿಲ್ಲ. ತಮ್ಮ ಮಾಹಿತಿಯನ್ನು ಕಾಯಲು ಆಗದವರ ಪರವಾಗಿ ಕಚೇರಿಯೇ ಕಾಯಬೇಕಾಗುತ್ತದೆ.

ಮೂರನೆಯದು ಭದ್ರತೆ. ತೂಕವಿರುವ ವಾದ ಇದೊಂದೇ. ‘ಇದು ಕಡಲ ತೀರ, ಪಕ್ಕದಲ್ಲಿ ಭಟ್ಕಳ. ಗುಟ್ಟಾಗಿ ಜನರನ್ನು ಇಟ್ಟರೆ ಅಪಾಯ.’ ಆದರೆ ಯಾರಿಂದ ಗುಟ್ಟು? ಗೋಕರ್ಣದಲ್ಲಿ ಲಾಡ್ಜ್, ಹೋಮ್‌ಸ್ಟೇ ನಡೆಸುವವರನ್ನು ಕೇಳಿ. ವಿದೇಶಿಯರು ಒಂದು ರಾತ್ರಿ ತಂಗಿದರೂ 24 ಗಂಟೆಯೊಳಗೆ ನಿಗದಿತ ಫಾರ್ಮ್ ತುಂಬಿ ಕಳಿಸಬೇಕು. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಬಂದಿದೆ. ಅದರಡಿ ಆಸ್ಪತ್ರೆ, ಕಾಲೇಜುಗಳೂ ವರದಿ ಮಾಡಬೇಕು. ಭಟ್ಕಳಕ್ಕೆ ಮದುವೆಯಾಗಿ ಬಂದು ದೀರ್ಘಾವಧಿ ವೀಸಾದಲ್ಲಿರುವ ಪಾಕಿಸ್ತಾನದ ಹೆಂಗಸರ ವಿವರ ಪೊಲೀಸರ ಬಳಿ ಇದ್ದೇ ಇದೆ. ಭದ್ರತೆಗೆ ಬೇಕಾದದ್ದು ಭದ್ರತೆ ನೋಡುವವರಿಗೆ ಸಿಕ್ಕಾಗಿದೆ. ಅದರ ಒಂದು ಪ್ರತಿ ಚಾ ಅಂಗಡಿಗೂ ಬಂದರೆ ಭದ್ರತೆ ಎಷ್ಟು ಹೆಚ್ಚುತ್ತದೆ ಎಂಬುದನ್ನು ಈ ವಾದದವರು ಹೇಳಲಿ.

ಪಟ್ಟಿ ಬಯಲಾದರೆ ಏನಾಗುತ್ತದೆ ಎಂಬುದು ಭಟ್ಕಳದವರಿಗೆ ಬೇರೆಯವರು ಕಲಿಸಬೇಕಾದದ್ದಲ್ಲ. 2020ರ ಮಾರ್ಚ್‌ನಲ್ಲಿ ರಾಜ್ಯದ ಆರೋಗ್ಯ ಇಲಾಖೆ ವಿದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆದವರ ಪಟ್ಟಿಯನ್ನು ಜಾಲತಾಣಕ್ಕೆ ಹಾಕಿತು. ಹೆಸರಿರಲಿಲ್ಲ, ಮನೆಯ ವಿಳಾಸ ಇತ್ತು. ಸೋಂಕಿತರ ದಿನದ ಬುಲೆಟಿನ್‌ನಲ್ಲೂ ಹೆಸರಿಲ್ಲ. ವಯಸ್ಸು, ಗಂಡೋ ಹೆಣ್ಣೋ, ಯಾವ ಊರು, ಎಲ್ಲಿಂದ ಬಂದದ್ದು, ಯಾವ ರೋಗಿಯ ಸಂಪರ್ಕ ಎಂಬುದಿಷ್ಟೇ. ದುಬೈಯಿಂದ ಇಂಥ ವಾರ ಯಾರ ಮಗ ಬಂದ ಎಂದು ಓಣಿಗೆಲ್ಲ ಗೊತ್ತಿರುವ ಊರಲ್ಲಿ ಅಷ್ಟು ಸಾಕಲ್ಲವೇ? ಆ ದಿನಗಳಲ್ಲಿ ಊರೇ ಸೀಲ್‌ಡೌನ್ ಆಗಿ, ‘ಭಟ್ಕಳದವರು’ ಎಂದರೆ ಜನ ದೂರ ಸರಿಯುತ್ತಿದ್ದರು. ಅದಕ್ಕೂ ಮೊದಲಿನಿಂದಲೇ, ಆಧಾರ್ ಕಾರ್ಡಿನಲ್ಲಿ ಊರ ಹೆಸರು ಕಂಡೊಡನೆ ಬೆಂಗಳೂರಲ್ಲಿ ಬಾಡಿಗೆ ಮನೆ ಇಲ್ಲವೆನ್ನುತ್ತಾರೆ ಎಂದು ಅಲ್ಲಿಯ ಹುಡುಗರು ಹೇಳುತ್ತಲೇ ಇದ್ದಾರೆ. ವಿಳಾಸವೊಂದೇ ಅಪರಾಧವಾಗುವುದನ್ನು ಕಂಡ ತಾಲೂಕು ಇದು.

ದೂರದ್ದೊಂದು ಉದಾಹರಣೆ. 2024ರ ಆಗಸ್ಟ್ 4ರಂದು ಇಂಗ್ಲೆಂಡಿನ ರಾದರಮ್ ಹತ್ತಿರ ಆಶ್ರಯ ಕೋರಿದವರನ್ನು ಇರಿಸಿದ್ದ ಹೋಟೆಲಿಗೆ ಗುಂಪು ನುಗ್ಗಿ ಕಿಟಕಿ ಒಡೆದು ಬೆಂಕಿ ಹಚ್ಚಲು ನೋಡಿತು, ಒಳಗೆ ಜನರಿದ್ದರು. ಕೆಲವು ದಿನದ ಹಿಂದೆ ಸೌತ್‌ಪೋರ್ಟ್‌ನಲ್ಲಿ ಮೂವರು ಬಾಲಕಿಯರ ಕೊಲೆಯಾಗಿತ್ತು. ಕೊಂದವನು ದೋಣಿಯಲ್ಲಿ ಬಂದ ಆಶ್ರಯಾರ್ಥಿ ಎಂದು ಹಬ್ಬಿದ ಸುದ್ದಿ ಸುಳ್ಳು, ಅವನು ಕಾರ್ಡಿಫ್‌ನಲ್ಲಿ ಹುಟ್ಟಿದವನು. ಸುದ್ದಿ ಸುಳ್ಳಾಗಿತ್ತು, ಹೋಟೆಲಿನ ವಿಳಾಸ ನಿಜವಾಗಿತ್ತು. ಗಾಳಿಸುದ್ದಿಗೆ ಕಾಲು ಬರುವುದು ಹೋಗಿ ಮುಟ್ಟಲು ಒಂದು ಬಾಗಿಲು ಸಿಕ್ಕಾಗಲೇ.

‘ಟಿ.ವಿ.ಯಲ್ಲಿ ಎಲ್ಲ ಬಂದಾಗಿದೆ, ಇನ್ನು ಮುಚ್ಚಿಡುವುದೇನು?’ ಎಂಬುದು ನಾಲ್ಕನೆಯದು. ತಪ್ಪನ್ನೇ ತಪ್ಪಿಗೆ ಸಾಕ್ಷಿಯಾಗಿ ತರುವ ವಾದ ಇದು. ಪಾಲನೆ, ರಕ್ಷಣೆ ಬೇಕಾದ ಮಗುವಿನ ಗುರುತು ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ: ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದೂ ಕೂಡದು. ಮೀರಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದಕ್ಕೆ ಮಗು ಯಾವ ದೇಶದ್ದು ಎಂಬ ಲೆಕ್ಕವಿಲ್ಲ. ಗುಹೆಯ ಮಕ್ಕಳನ್ನು ತಕ್ಷಣ ಗಡಿಪಾರು ಮಾಡದಂತೆ ಹೈಕೋರ್ಟ್ ತಡೆದಾಗ ಕೇಳಿದ್ದೂ ಮಕ್ಕಳ ಹಿತ ಏನೆಂಬುದನ್ನೇ. ಅಲ್ಲಿಯವರೆಗೆ ಆ ಮಕ್ಕಳ ಹಿತ ಎಷ್ಟು ಕ್ಯಾಮೆರಾಗಳ ಮುಂದೆ ಹಾದುಹೋಗಿತ್ತು! ಹೆಸರು ಹೇಗೂ ಎಲ್ಲರಿಗೂ ಗೊತ್ತು ಎಂದು ನಾನೂ ಇಲ್ಲಿ ಬರೆಯಬಹುದಿತ್ತು. ಬರೆದರೆ ಓದುಗರಿಗೆ ಹೊಸದಾಗಿ ಏನು ತಿಳಿಯುತ್ತಿತ್ತು?

ಐದನೆಯದು, ನಮ್ಮವರ ಹೊಟ್ಟೆಕಿಚ್ಚಿನಂತೆ ಕಂಡರೂ ನ್ಯಾಯವಾದ ಕೇಳಿಕೆ. ‘ನೆರೆ ಬಂದಾಗ ನಮ್ಮನ್ನು ಶಾಲೆಯ ಕೋಣೆಯಲ್ಲಿ ಇಡ್ತೀರಿ, ಕಿಟ್ ಕೊಡುವಾಗ ಫೋಟೊ ತೆಗೀತೀರಿ. ನಮಗಿಲ್ಲದ ಗೌಪ್ಯತೆ ಅವರಿಗೇಕೆ?’ ಹೊನ್ನಾವರದ ಗುಂಡಬಾಳಾ, ಶರಾವತಿ ದಂಡೆಗಳಲ್ಲೂ ಕುಮಟಾದ ಅಘನಾಶಿನಿ ದಂಡೆಯಲ್ಲೂ ಕಾಳಜಿ ಕೇಂದ್ರ ಕಂಡವರಿಗೆ ಈ ಮಾತಿನ ಕಹಿ ಗೊತ್ತು. ಎಲ್ಲೆಲ್ಲಿ ಕೇಂದ್ರ ತೆರೆದಿದೆ, ಎಷ್ಟು ಮಂದಿ ಇದ್ದಾರೆ ಎಂದು ತಾಲೂಕು ಆಡಳಿತ ಪ್ರಕಟಿಸುತ್ತದೆ, ಪ್ರಕಟಿಸಲೇಬೇಕು. ನೀರು ನುಗ್ಗಿದ ಮನೆಯವರು ಎಲ್ಲಿಗೆ ಹೋಗಬೇಕು ಎಂದು ತಿಳಿಯುವುದೇ ಅದರಿಂದ. ನೆರೆ ಸಂತ್ರಸ್ತರನ್ನು ಅಟ್ಟಿಸಿಕೊಂಡು ಯಾರೂ ಬರುವುದಿಲ್ಲವಾದ್ದರಿಂದ ಜಾಗ ಗೊತ್ತಾದರೆ ತೊಂದರೆಯಿಲ್ಲ. ಆದರೆ ಅಕ್ಕಿ ಚೀಲ ಹಿಡಿದ ಮುದುಕಿಯ ಫೋಟೊ? ಅದು ಯಾವ ಲೆಕ್ಕಕ್ಕೂ ಬೇಡ. ನಮ್ಮ ಅಮ್ಮನಿಗೆ ಆದ ಅವಮಾನವನ್ನು ಪರದೇಶದ ತಾಯಿಗೂ ಹಂಚಿದರೆ ಸಮಾನತೆ ಬಂದಂತಾಗುವುದಿಲ್ಲ. ಇಬ್ಬರ ಫೋಟೊವನ್ನೂ ನಿಲ್ಲಿಸಿ.

ಇಷ್ಟು ಓದಿ ಕಚೇರಿಯ ಕಡೆಯವರು ಖುಷಿಪಟ್ಟಿದ್ದರೆ ಅವರಿಗೂ ಒಂದು ಮಾತಿದೆ. ಗೌಪ್ಯತೆ ಎಂಬ ಪರದೆಯ ಹಿಂದೆ ಖರ್ಚು, ಅವ್ಯವಸ್ಥೆ ಮುಚ್ಚುವವರೂ ಈ ವಾದದ ಎದುರಾಳಿಗಳೇ. ನೆಲಮಂಗಲದ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯದ ಕಟ್ಟಡವನ್ನೇ ವಿದೇಶಿಯರ ಕೇಂದ್ರವಾಗಿ ಬದಲಿಸಿದರು. ಬಡ ಮಕ್ಕಳ ಹಾಸ್ಟೆಲ್ ಏಕೆ ಹೋಯಿತು, ಗೋಡೆಗೆ ಎಷ್ಟು ಖರ್ಚಾಯಿತು, ಒಳಗಿದ್ದವರನ್ನು ವೈದ್ಯರು ಯಾವಾಗ ನೋಡುತ್ತಾರೆ ಎಂಬುದು ಯಾರ ವೈಯಕ್ತಿಕ ಮಾಹಿತಿ? ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಕಾನೂನೂ ಇಲ್ಲ. ಹಾಗಾಗಿ ಹೆಚ್ಚಿನದೆಲ್ಲ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು, ಅಲ್ಲಿಯೇ ಬೆಳಕು ಹೆಚ್ಚು ಬೇಕು. ಆದರೆ ಆಗುತ್ತಿರುವುದು ತಿರುವುಮುರುವು. 2023ರ ದತ್ತಾಂಶ ರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮಿನಲ್ಲಿದ್ದ ಸಾರ್ವಜನಿಕ ಹಿತಾಸಕ್ತಿಯ ಮಾತನ್ನು ಕಿತ್ತು, ‘ವೈಯಕ್ತಿಕ ಮಾಹಿತಿ’ ಎಂದರೆ ಮುಗಿಯಿತು ಎಂಬಷ್ಟಕ್ಕೆ ಇಳಿಸಿತು. ಇನ್ನು ಗುತ್ತಿಗೆದಾರನ ಬಿಲ್ಲೂ ವೈಯಕ್ತಿಕವೇ ಆಗಿಬಿಡಬಹುದು.

ಊರಿನವರು ನಿಜಕ್ಕೂ ತಿಳಿಯಬೇಕೆಂದಿದ್ದರೆ ದಾರಿ ಇದೆ. ಕರ್ನಾಟಕದ ನಿಯಮದಂತೆ ಮಾಹಿತಿ ಅರ್ಜಿ 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಕಟ್ಟಡ, ಬಾಡಿಗೆ, ಗುತ್ತಿಗೆ, ತಲೆಯೆಣಿಕೆ, ವೈದ್ಯರ ಭೇಟಿ, ದೂರುಗಳ ಸಂಖ್ಯೆ ಕೇಳಲು ಅಷ್ಟು ಪದ ಧಾರಾಳ. ಹೆಸರು ಕೇಳಿದರೆ, ಜೀವಕ್ಕೆ ಅಪಾಯ ತರುವ ಮಾಹಿತಿಯನ್ನು ತಡೆಯುವ 8(1)(ಜಿ) ಕಲಂ ತೋರಿಸಿ ಕೊಡುವುದಿಲ್ಲ ಎನ್ನಲಿ, ಅದು ಸರಿ. ಬಿಲ್ಲಿಗೂ ಇಲ್ಲವೆಂದರೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ, ಇನ್ನೂ ಉಳಿದಿರುವ 8(2)ನೇ ಕಲಂ ಎತ್ತಿ ತೋರಿಸಿ. ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದೆಂದು ಅದು ಈಗಲೂ ಹೇಳುತ್ತದೆ.