ಗುಂಡಿ ಹಾಕಿಕೊಳ್ಳಲಾರದ ಮಗ



ಹಾನಗಲ್ಲಿನ ತಾಯಿಯೊಬ್ಬರು ಬರೆದಿದ್ದಾರೆ: "ಅಕ್ಕಾರ, ನನ್ನ ಮಗಗ ಏಳು ತುಂಬ್ಯಾವ. ಮಗ್ಗಿ ಪಟಪಟ ಹೇಳತಾನ. ಆದರ ಅಂಗಿ ಗುಂಡಿ ಹಾಕ್ಕೊಳ್ಳಾಕ ಬರಂಗಿಲ್ಲ. ಊಟಕ್ಕ ಕುಂತರ ಅರ್ಧ ನೆಲದ ಮ್ಯಾಲ. ಬೇಕಂತನ ಮಾಡತಾನಂತ ಎರಡು ಬಾರಿಸಿದೆ. ಈಗ ಸಾಲಿಗೇ ಹೋಗಂಗಿಲ್ಲ ಅಂತಾನ."

ಇಲ್ಲ ತಂಗೀ, ಹುಡುಗ ಬೇಕಂತ ಮಾಡುತ್ತಿಲ್ಲ. ಹೊಡೆಯುವುದನ್ನು ಇವತ್ತೇ ನಿಲ್ಲಿಸಿ.

ನೀವು ಮೊದಲ ಸಲ ರೊಟ್ಟಿ ಬಡಿದ ದಿನ ನೆನಪಿದೆಯೆ? ಹಿಟ್ಟು ನಾದುವುದು, ಬಡಿಯುತ್ತ ತಿರುಗಿಸುವುದು, ಹರಿಯದಂತೆ ಎತ್ತಿ ಹಂಚಿಗೆ ಹಾಕುವುದು, ಒಂದೊಂದನ್ನೂ ಯೋಚಿಸಿಯೇ ಮಾಡಿರುತ್ತೀರಿ. ಈಗ ಪಕ್ಕದ ಮನೆಯವರೊಡನೆ ಹರಟುತ್ತಲೇ ಇಪ್ಪತ್ತು ಬಡಿದಿಡುತ್ತೀರಿ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಲೆಕ್ಕ ಮೆದುಳಿಗೆ ರೂಢಿಯಾಗಿದೆ. ಕೆಲವು ಮಕ್ಕಳಿಗೆ ಈ ಲೆಕ್ಕ ಬೇಗ ಕೂಡುವುದಿಲ್ಲ. ಅವರಿಗೆ ದಿನವೂ ಮೊದಲ ರೊಟ್ಟಿಯೇ! ಇದಕ್ಕೆ ಡಿಸ್‌ಪ್ರಾಕ್ಸಿಯಾ ಎನ್ನುತ್ತಾರೆ. ಶಾಲೆಗೆ ಹೋಗುವ ನೂರು ಮಕ್ಕಳಲ್ಲಿ 5-6 ಮಕ್ಕಳಿಗೆ ಇಂಥ ತೊಂದರೆ ಇರುತ್ತದೆ. ಬುದ್ಧಿ ಕಡಿಮೆ ಎಂದು ಇದರ ಅರ್ಥವಲ್ಲ. ನಿಮ್ಮ ಹುಡುಗನ ಮಗ್ಗಿಯೇ ಸಾಕ್ಷಿ. ಆದರೆ ಬರಿಯ ಕಾಗದ ನೋಡಿ ಇದೇ ಎಂದು ನಾನು ಹೇಳಲಾರೆ, ವೈದ್ಯರು ನೋಡಬೇಕು.

ಅಲ್ಲಿಯತನಕ ಹೀಗೆ ಮಾಡಿ. ದೊಡ್ಡ ಗುಂಡಿಯ ಹಳೆಯ ಅಂಗಿಯೊಂದನ್ನು ತೆಗೆದುಕೊಳ್ಳಿ. ಗುಂಡಿಯನ್ನು ಕಾಜದೊಳಗೆ ಅರ್ಧ ನೀವೇ ತೂರಿಸಿ. ಆಚೆಯಿಂದ ಎಳೆದುಕೊಳ್ಳುವುದಷ್ಟೇ ಅವನ ಕೆಲಸ. ಅದು ಸಲೀಸಾದ ಮೇಲೆ ತೂರಿಸುವುದನ್ನೂ ಅವನಿಗೇ ಬಿಡಿ. ಹೀಗೆ ಕೊನೆಯಿಂದ ಹಿಂದಕ್ಕೆ ಕಲಿಸಿದರೆ ಪ್ರತಿ ಸಲವೂ ಕೆಲಸ ಮುಗಿಸಿದವನು ಅವನೇ ಆಗುತ್ತಾನೆ. "ಹಿಡಿ, ತೂರಿಸು, ಎಳೆ" ಎಂದು ಬಾಯಲ್ಲಿ ಹೇಳಿಕೊಳ್ಳಲಿ. ಸಾಲಿಯ ಗಂಟೆ ಹೊಡೆಯುವ ಹೊತ್ತಿನಲ್ಲಿ ಬೇಡ, ಸಂಜೆ ಹತ್ತು ನಿಮಿಷ ಸಾಕು. ಮಣಿ ಪೋಣಿಸಿದರೆ ಗುಂಡಿ ತಾನಾಗಿ ಬರುತ್ತದೆಂದು ನೆಚ್ಚಬೇಡಿ. ಗುಂಡಿ ಬರಬೇಕಾದರೆ ಗುಂಡಿಯನ್ನೇ ರೂಢಿಸಬೇಕು. ಊಟಕ್ಕೆ ಎತ್ತರದ ಅಂಚಿನ ತಾಟು ಕೊಡಿ, ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿ.

ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಓದುಗರಿಗೂ ಒಂದು ಮಾತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತದೆ. ಕಣ್ಣು, ಹಲ್ಲು ತೋರಿಸಿ ಸುಮ್ಮನಾಗಬೇಡಿ, ಗುಂಡಿಯ ಮಾತನ್ನೂ ಎತ್ತಿ. ಮಾತೇ ತೊಡರುವ ಮಕ್ಕಳಿಗೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮೊದಲು ಬರುತ್ತಿದ್ದ ಕೆಲಸವೇ ಮರೆತುಹೋಗತೊಡಗಿದರೆ ಮಾತ್ರ ಒಂದು ದಿನವೂ ತಡಮಾಡದೆ ದವಾಖಾನೆಗೆ ಹೋಗಿ.

ಹಾನಗಲ್ಲಿನ ತಂಗಿ, ಸದ್ಯಕ್ಕೆ ಸಾಲಿಯ ಅಂಗಿಗೆ ಮೇಲಿನ ಎರಡು ಗುಂಡಿ ಬಿಟ್ಟು ಉಳಿದಲ್ಲಿ ಹೊಲಿಗೆ ಹಾಕಿಬಿಡಿ. ತಲೆಯ ಮೇಲಿಂದ ಹಾಕಿಕೊಂಡು ಹೋಗಲಿ, ಯಾರೂ ನಗುವುದಿಲ್ಲ. ಮಾಸ್ತರರಿಗೂ ವಿಷಯ ತಿಳಿಸಿ. ಮೊದಲ ಗುಂಡಿ ಕೂಡಿದ ದಿನ ನಮಗೊಂದು ಕಾಗದ ಹಾಕಿ.