ಸದ್ದು ಮಾಡುವ ಕಾರು ಮಾರುವ ಮುನ್ನ...

ಮನೆಯ ಹಳೇ ಕಾರು ಸದ್ದು ಮಾಡಲು ಶುರುಮಾಡಿತು ಅಂದರೆ ಸಾಕು, ಸಲಹೆ ಕೊಡುವವರ ಸದ್ದು ಅದಕ್ಕಿಂತ ಜೋರಾಗುತ್ತದೆ! 'ಎಂಜಿನ್ ಹೋಯ್ತು ಬಿಡ್ರಿ' ಅನ್ನುತ್ತಾರೆ ಪಕ್ಕದ ಮನೆಯವರು. 'ಎಂಜಿನ್ ಇಳಸಬೇಕಾಗ್ತದ ನೋಡ್ರಿ' ಅನ್ನುತ್ತಾನೆ ಮೆಕ್ಯಾನಿಕ್. 'ಎಕ್ಸ್‌ಚೇಂಜಿಗೆ ಹಾಕಿ ಹೊಸಾದು ತಗೋರಿ' ಅನ್ನುತ್ತಾನೆ ಮೈದುನ. ಎಲ್ಲರೂ ಮಾತಾಡಿ ಮುಗಿಸಿದ ಮೇಲೆ ಯಜಮಾನರು ಮೆಲ್ಲಗೆ ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. 'ಡೌನ್ ಪೇಮೆಂಟಿಗೆ ಸ್ವಲ್ಪ ಕಡಿಮಿ ಬೀಳ್ಲತ್ತದ. ನಿನ್ನ ಬಂಗಾರ ಬ್ಯಾಂಕಿನ್ಯಾಗ ಇಟ್ರ...'

ನೋಡಿದಿರಾ? ಕಾರಿನ ವಿಷಯದಲ್ಲಿ ನಮ್ಮನ್ನು ಕೇಳುವುದು ಕಟ್ಟಕಡೆಗೆ. ಅದೂ ದುಡ್ಡಿಗೆ ಮಾತ್ರ!

ಗೆಳತಿಯರೇ, ಈ ವಾರ ನಾನು ಹೇಳಹೊರಟಿರುವುದು ಇಷ್ಟೇ. ಹಳೇ ಕಾರು ರಿಪೇರಿ ಮಾಡಿಸಬೇಕೋ, ಮಾರಬೇಕೋ ಅನ್ನುವುದು ಬರೀ ಎಂಜಿನ್ನಿನ ಪ್ರಶ್ನೆಯಲ್ಲ, ಮನೆಯ ಲೆಕ್ಕದ ಪ್ರಶ್ನೆ. ಆ ಲೆಕ್ಕ ಇಟ್ಟವರು ನಾವು. ಹಾಗಾಗಿ ಬಂಗಾರದ ಮಾತು ಬರುವ ಮೊದಲೇ, ಸದ್ದು ಕೇಳಿಸಿದ ದಿನವೇ ಈ ಮಾತಿನಲ್ಲಿ ನಾವೂ ಇರಬೇಕು. 'ನಿಮ್ಗ ಗಾಡಿ ಬಗ್ಗೆ ಏನ್ ತಿಳಿತದ' ಅಂತ ಯಾರಾದರೂ ಅಂದರೆ ನಕ್ಕುಬಿಡಿ. ಕುಕ್ಕರಿನ ಸೀಟಿ ಕೇಳಿ ಬೇಳೆ ಬೆಂದಿತೋ ಇಲ್ಲವೋ ಹೇಳುವವರು ನಾವು. ಮಿಕ್ಸಿಯ ಸದ್ದು ಸ್ವಲ್ಪ ಬದಲಾದರೂ ಸ್ವಿಚ್ ಆರಿಸುವವರು ನಾವು. ನಮಗೆ ಕಾರಿನ ಸದ್ದು ತಿಳಿಯದೇ?

ಸದ್ದಿಗೂ ಭಾಷೆ ಇದೆ

ಎಲ್ಲ ಸದ್ದೂ ಒಂದೇ ಅಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ 'ಕೀಂಯ್' ಎಂದು ಕಿರುಚಿ ಆಮೇಲೆ ಸುಮ್ಮನಾದರೆ, ಬಹುತೇಕ ಫ್ಯಾನ್ ಬೆಲ್ಟ್ ಸಡಿಲವಾಗಿದೆ ಅಥವಾ ಸವೆದಿದೆ. ಇದು ಸಣ್ಣ ಖರ್ಚು. ನಿಂತಲ್ಲೇ ಇಡೀ ಕಾರು ಗುಡುಗುಡು ನಡುಗಿದರೆ, ಎಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್ ಹರಿದಿರಬಹುದು. ಅದಕ್ಕೂ ಎಂಜಿನ್ ಬಿಚ್ಚಬೇಕಿಲ್ಲ.

ಹೊಲಿಗೆ ಮಷಿನ್ ಹಾಗೆ 'ಟಕಟಕ' ಅನ್ನುತ್ತಾ, ಆಕ್ಸಿಲರೇಟರ್ ಒತ್ತಿದಷ್ಟೂ ಬೇಗಬೇಗ ಬಡಿದರೆ ಅದು ಹೆಚ್ಚಾಗಿ ಟ್ಯಾಪೆಟ್ ಸದ್ದು. ಮೊದಲು ಎಂಜಿನ್ ಆಯಿಲ್ ಎಷ್ಟಿದೆ ನೋಡಿಸಿ. ಆಯಿಲ್ ಕಡಿಮೆಯಾದರೂ, ಹಳತಾಗಿ ಶಕ್ತಿ ಕಳಕೊಂಡರೂ ಈ ಸದ್ದು ಬರುತ್ತದೆ. ಅನೇಕ ಸಣ್ಣ ಕಾರುಗಳಲ್ಲಿ ಟ್ಯಾಪೆಟ್ ಅಡ್ಜಸ್ಟ್ ಮಾಡಿಸಿದರೆ ಸರಿಹೋಗುತ್ತದೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಸರಪಳಿ ಅಲ್ಲಾಡಿಸಿದಂತೆ ಕೇಳಿದರೆ ಟೈಮಿಂಗ್ ಚೈನ್ ನೋಡಿಸಬೇಕು. ಇದು ಮಧ್ಯಮ ಖರ್ಚು.

ಏರು ಹತ್ತುವಾಗ, ತುಂಬಾ ಜನ ಕೂತಾಗ ಮಾತ್ರ 'ಕಟಕಟ' ಅಂದರೆ ಇಂಧನ ಎಂಜಿನ್ನಿನೊಳಗೆ ಸರಿಯಾದ ಹೊತ್ತಿಗೆ ಉರಿಯುತ್ತಿಲ್ಲ ಅಂತ ಅರ್ಥ. ಕಲಬೆರಕೆ ಪೆಟ್ರೋಲು, ಒಳಗೆ ಕೂತ ಮಸಿ, ಮಿತಿಮೀರಿದ ಬಿಸಿ ಇವೆಲ್ಲ ಇದಕ್ಕೆ ಕಾರಣವಾಗಬಹುದು.

ಹೆದರಬೇಕಾದ ಸದ್ದು ಬೇರೆಯೇ ಇದೆ. ಎಂಜಿನ್ನಿನ ತಳದಿಂದ ಒನಕೆಯಲ್ಲಿ ಕುಟ್ಟಿದ ಹಾಗೆ 'ಧಡ್ ಧಡ್' ಅಂತ ಬಂದರೆ ಅದು ಬೇರಿಂಗ್ ಸವೆದ ಸದ್ದಿರಬಹುದು. ಎಣ್ಣೆ ಗಿಂಡಿಯ ಚಿತ್ರವಿರುವ ಕೆಂಪು ದೀಪ ಓಡುವಾಗ ಹೊತ್ತಿಕೊಂಡರೂ ಅಷ್ಟೇ. ಅಲ್ಲೇ ರಸ್ತೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. 'ಮನಿ ತನಕ ಹೋಗೋಣು' ಅಂತ ಓಡಿಸಿದ ಎರಡು ಕಿಲೋಮೀಟರಿಗೆ ಇಡೀ ಎಂಜಿನ್ನಿನ ಬೆಲೆ ತೆರಬೇಕಾದೀತು. ಎಳೆಸಿಕೊಂಡು ಹೋಗುವುದೇ ಅಗ್ಗ.

ಆಯಿಲ್ ನೋಡಲು ಮೆಕ್ಯಾನಿಕ್ಕೇ ಬೇಕೆಂದಿಲ್ಲ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಆರಿಸಿ, ಸ್ವಲ್ಪ ಹೊತ್ತು ಬಿಡಿ. ಆಯಿಲ್ ಕಡ್ಡಿ ಹೊರಗೆಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ ತೆಗೆಯಿರಿ. ಎರಡು ಗುರುತಿನ ನಡುವೆ ಎಣ್ಣೆ ಇದ್ದರೆ ಸರಿ. ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಎಣ್ಣೆಯಲ್ಲಿ ನೀರು ಸೇರಿದೆ, ಓಡಿಸಬೇಡಿ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆ ಕುಡಿಯುತ್ತಿದೆ ಅಂತ ಅರ್ಥ.

ನಮ್ಮ ಕಲಬುರಗಿಯ ಮಾತು ಇನ್ನೊಂದಿದೆ. ಏಪ್ರಿಲ್, ಮೇ ಬಂದರೆ ಬಿಸಿಲು 42 ಡಿಗ್ರಿ ದಾಟುತ್ತದೆ. ಐವಾನ್-ಎ-ಶಾಹಿ ಅತಿಥಿಗೃಹದ ಸುತ್ತ ಎಲ್ಲಾದರೂ ನೆರಳು ಸಿಕ್ಕೀತು, ಆದರೆ ಬಿಸಿಲಿನಲ್ಲಿ ನಿಂತ ಕಾರಿನ ಮೈ ಮುಟ್ಟಲಾಗದು. ರೇಡಿಯೇಟರಿಗೆ ಬೋರ್‌ವೆಲ್ ನೀರು ತುಂಬುವವರು ಬಹಳ ಜನ. ಗಡಸು ನೀರಿನ ಸುಣ್ಣ ನಮ್ಮ ಬಕೆಟ್ಟು, ನಲ್ಲಿಗಳ ಮೇಲೆ ಹೇಗೆ ಬಿಳಿ ಪದರ ಕಟ್ಟುತ್ತದೆಯೋ ರೇಡಿಯೇಟರಿನೊಳಗೂ ಹಾಗೇ ಕಟ್ಟುತ್ತದೆ. ಎಂಜಿನ್ ಕಾದು ಸದ್ದು ಮಾಡಲು ಅಷ್ಟು ಸಾಕು. ಕೂಲಂಟ್ ಹಾಕಿಸಿ. ಬಿಸಿ ಇರುವಾಗ ಮಾತ್ರ ಅದರ ಮುಚ್ಚಳಕ್ಕೆ ಕೈ ಹಚ್ಚಲೇಬೇಡಿ. ಹಾಗೇ, ಈಗ ಬಂಕ್‌ಗಳಲ್ಲಿ ಸಿಗುವುದು ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಹಳೇ ಕಾರಿನ ರಬ್ಬರ್ ಪೈಪುಗಳು ಅದಕ್ಕೆ ಬೇಗ ಸವೆಯಬಹುದು. ಸರ್ವಿಸಿಗೆ ಬಿಟ್ಟಾಗ ಅವನ್ನೂ ನೋಡಲು ಹೇಳಿ.

ಮೂಗು ಯಾವುದು, ಮೂಗುತಿ ಯಾವುದು?

ಇನ್ನು ಲೆಕ್ಕಕ್ಕೆ ಬರೋಣ. ರಿಪೇರಿಗೆ 25 ಸಾವಿರ ಅಂದರೆ ಎಲ್ಲರೂ ಹೇಳುವ ಮಾತು ಒಂದೇ: 'ಮಾರಿದ್ರ ಅರವತ್ತು ಸಾವಿರ ಬರಂಗಿಲ್ಲ, ಅದಕ್ಕ ಇಪ್ಪತ್ತೈದು ಸಾವಿರ ಸುರೀತೀರಾ? ಮೂಗಿಗಿಂತ ಮೂಗುತಿ ಭಾರ!'

ಕೇಳಲು ಚೆನ್ನಾಗಿದೆ. ಆದರೆ ಈ ಹೋಲಿಕೆಯೇ ತಪ್ಪು ಅಂತ ನನ್ನ ಅಭಿಪ್ರಾಯ. ಕಾರು ಮಾರಿದರೆ ಎಷ್ಟು ಬರುತ್ತದೆ ಅನ್ನುವುದು ಮಾರುವವರ ಲೆಕ್ಕ. ಇಟ್ಟುಕೊಳ್ಳುವವರ ಲೆಕ್ಕ ಬೇರೆ. ಅದರ ಜಾಗಕ್ಕೆ ಇನ್ನೊಂದು ತಂದರೆ ತಿಂಗಳಿಗೆ ಎಷ್ಟು ಹೋಗುತ್ತದೆ? ಅದನ್ನು ರಿಪೇರಿಯ ಪಕ್ಕ ಇಟ್ಟು ನೋಡಬೇಕು.

ಪೆನ್ನು ಹಿಡಿಯಿರಿ. ಐದು ಲಕ್ಷದ ಕಾರು, ಒಂದು ಲಕ್ಷ ಕೈಯಿಂದ, ನಾಲ್ಕು ಲಕ್ಷ ಸಾಲ ಅಂದುಕೊಳ್ಳೋಣ. ಶೇಕಡ 9.5ರ ಬಡ್ಡಿ, ಐದು ವರ್ಷದ ಅವಧಿಯಾದರೆ ತಿಂಗಳ ಕಂತು ಸುಮಾರು 8,400 ರೂಪಾಯಿ. ಐದು ವರ್ಷಕ್ಕೆ ಬಡ್ಡಿಯೇ ಒಂದು ಲಕ್ಷ ದಾಟುತ್ತದೆ. ಅಂದರೆ ಆ 25 ಸಾವಿರದ ರಿಪೇರಿ ಬರೀ ಮೂರು ಕಂತಿಗೆ ಸಮ! ರಿಪೇರಿಯಾದ ಕಾರು ಎರಡು ವರ್ಷ ಓಡಿತು ಅನ್ನಿ, ತಿಂಗಳಿಗೆ ಸಾವಿರ ಚಿಲ್ಲರೆ ಬಿತ್ತು. ಟೈರು, ಬ್ಯಾಟರಿ ಅಂತ ಎರಡು ವರ್ಷದಲ್ಲಿ ಒಟ್ಟು 60 ಸಾವಿರವೇ ಆಯಿತೆಂದರೂ ತಿಂಗಳಿಗೆ 2,500. ಈಗ ಹೇಳಿ, ಯಾವುದು ಮೂಗು, ಯಾವುದು ಮೂಗುತಿ?

ಸರ್ಕಾರಿ ಖರ್ಚನ್ನೂ ಸೇರಿಸಿಕೊಳ್ಳಿ. 'ಹದಿನೈದು ವರ್ಷ ಆದ್ಮ್ಯಾಲ ಗಾಡಿ ಓಡ್ಸಂಗಿಲ್ಲ' ಅಂತ ಹೆದರಿಸುವವರಿದ್ದಾರೆ. ಆ ಮಾತು ಬಂದಿದ್ದು ದೆಹಲಿ ಕಡೆಯಿಂದ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಬಗ್ಗೆ 2018ರಲ್ಲಿ ಸುಪ್ರೀಂ ಕೋರ್ಟಿನ ಆದೇಶವಾಗಿತ್ತು. ನಮ್ಮಲ್ಲಿ ಸ್ವಂತ ಬಳಕೆಯ ಕಾರಿಗೆ ಅಂಥ ನಿಷೇಧ ಇಲ್ಲ. ಆರ್‌ಟಿಓದಲ್ಲಿ ತಪಾಸಣೆ ಮಾಡಿಸಿ ಐದು ವರ್ಷಕ್ಕೆ ನೋಂದಣಿ ನವೀಕರಿಸಬಹುದು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಅದನ್ನು 10,000ಕ್ಕೆ ಏರಿಸಿದರು. ಮೇಲೆ ಹಸಿರು ತೆರಿಗೆ ಬೇರೆ. ನಿಮ್ಮ ಕಾರಿನ ಆರ್‌ಸಿ ತೆಗೆದು ದಿನಾಂಕ ನೋಡಿ. ಇನ್ನಾರು ತಿಂಗಳಲ್ಲಿ ಅವಧಿ ಮುಗಿಯುವುದಿದ್ದರೆ ಆ ಲೆಕ್ಕ ಹಾಕದೆ ಎಂಜಿನ್ ಕೆಲಸಕ್ಕೆ ಕೈ ಹಾಕಬೇಡಿ.

ಇಬ್ಬರು ಹೆಣ್ಣುಮಕ್ಕಳು, ಎರಡು ತೀರ್ಮಾನ

ನಮ್ಮ ಐವಾನ್-ಎ-ಶಾಹಿ ಕಡೆಯ ಒಬ್ಬ ಅಕ್ಕನ ಮನೆಯಲ್ಲಿ 'ಎಂಜಿನ್ ಇಳಸಬೇಕು, ನಲವತ್ತು ಸಾವಿರ' ಅಂದಿದ್ದರು. ಹೊಸ ಕಾರು ಬುಕ್ ಮಾಡುವ ಮಾತೂ ಆಯಿತು. ಡೌನ್ ಪೇಮೆಂಟಿಗೆ ಆಕೆಯ ತವರಿನ ಪಾಟ್ಲಿ! ಆಕೆ ಇಲ್ಲ ಅನ್ನಲಿಲ್ಲ, ಹ್ಞೂಂ ಅನ್ನಲೂ ಇಲ್ಲ. 'ಇನ್ನೊಬ್ಬ ಮೇಸ್ತ್ರಿಗಿ ತೋರಸ್ರಿ, ನಾನೂ ಬರ್ತೀನಿ' ಅಂದಳು. ಎರಡನೆಯವನು ಕಂಪ್ರೆಷನ್ ಪರೀಕ್ಷೆ ಮಾಡಿ, ಎಂಜಿನ್ ಇಳಿಸುವ ಅಗತ್ಯವಿಲ್ಲ, ಟೈಮಿಂಗ್ ಚೈನ್ ಮತ್ತು ಟ್ಯಾಪೆಟ್ ಕೆಲಸ ಸಾಕು ಅಂದ. ಹದಿಮೂರು ಸಾವಿರದಲ್ಲಿ ಮುಗಿಯಿತು. ಸದ್ದು ಪೂರ್ತಿ ಹೋಗಿಲ್ಲ, ಚಳಿಗಾಲದ ಮುಂಜಾನೆ ಈಗಲೂ ಸ್ವಲ್ಪ ಗೊಣಗುತ್ತದೆ. ಆದರೆ ಸೂಪರ್ ಮಾರ್ಕೆಟ್ಟಿಗೆ, ಆಸ್ಪತ್ರೆಗೆ, ಅಪ್ಪನ ಗುಡಿಗೆ ಓಡಾಡಲು ಅಡ್ಡಿಯಿಲ್ಲ. ಪಾಟ್ಲಿ ಆಕೆಯ ಕೈಯಲ್ಲೇ ಇದೆ. ಮಗಳ ಬಿ.ಎಡ್. ಫೀಸಿಗೆ ಕೂಡಿಟ್ಟ ದುಡ್ಡೂ ಹಾಗೇ ಇದೆ.

ಇನ್ನೊಬ್ಬಾಕೆ ಶಾಲೆಯ ಟೀಚರ್. ದಿನಾ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋಗಿ ಬರಬೇಕು. ರಾಷ್ಟ್ರೀಯ ಹೆದ್ದಾರಿ, ಮುಂದೆ ಹಿಂದೆ ಲಾರಿಗಳು. ಆಕೆಯ ಕಾರಿನ ಎಂಜಿನ್ ಗಟ್ಟಿಯಾಗಿಯೇ ಇತ್ತು. ಸದ್ದಿಗೆ ಕಾರಣ ಬರೀ ಒಂದು ಬೆಲ್ಟು. ಆದರೂ ಆಕೆ ಮಾರಿದಳು, ನನ್ನ ಪ್ರಕಾರ ಮಾರಿದ್ದೇ ಸರಿ. ಯಾಕೆಂದರೆ ಕಾರಿನ ತಳ ತುಕ್ಕು ಹಿಡಿದಿತ್ತು, ಏರ್‌ಬ್ಯಾಗ್ ಇರಲಿಲ್ಲ, ಎಬಿಎಸ್ ಬ್ರೇಕ್ ಇರಲಿಲ್ಲ. ಹೊಸ ಕಾರುಗಳಿಗೆ ಎಬಿಎಸ್ಸೂ ಚಾಲಕರ ಏರ್‌ಬ್ಯಾಗೂ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕಿಂತ ಹಳೆಯ ಅನೇಕ ಸಣ್ಣ ಕಾರುಗಳಲ್ಲಿ ಇವೆರಡೂ ಇಲ್ಲ. ದಿನಾ ಹೆದ್ದಾರಿಯಲ್ಲಿ ಓಡುವವರು ಉಳಿತಾಯದ ಲೆಕ್ಕ ಬದಿಗಿಟ್ಟು ಜೀವದ ಲೆಕ್ಕ ಹಾಕಬೇಕು.

ಹಾಗಾಗಿ ಸದ್ದು ಎಷ್ಟು ಜೋರು ಅನ್ನುವುದರ ಮೇಲೆ ತೀರ್ಮಾನ ನಿಲ್ಲುವುದಿಲ್ಲ. ಕಾರು ಎಲ್ಲಿ ಓಡುತ್ತದೆ, ಯಾರು ಕೂರುತ್ತಾರೆ, ಮೈ ಗಟ್ಟಿ ಇದೆಯೋ ಇಲ್ಲವೋ ನೋಡಿ. ತಳ, ಬ್ರೇಕು, ಸ್ಟೀರಿಂಗ್ ಕೈಕೊಡುವಂತಿದ್ದರೆ, ಒಂದು ಸರಿಮಾಡಿಸಿದರೆ ತಿಂಗಳಿಗೊಂದು ಹೊಸದು ಕೆಡುತ್ತಿದ್ದರೆ ಬಿಟ್ಟುಬಿಡಿ. ತಿಂಗಳಿಗೆ ಎರಡೇ ಸಲ ಕಾರು ಹೊರತೆಗೆಯುವವರಾದರೆ, ಮಾರಿ ಹೊಸದನ್ನು ಕೊಳ್ಳದೇ ಇರುವುದೂ ಒಂದು ದಾರಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟೇ ಇಲ್ಲವಲ್ಲ! ಅಪರೂಪಕ್ಕೆ ಬಾಡಿಗೆ ಕಾರು ಸಾಕು.

ಗ್ಯಾರೇಜಿಗೆ ಹೋದಾಗ

ನೀವೂ ಜೊತೆಗೆ ಹೋಗಿ. ನಾಲ್ಕು ಪ್ರಶ್ನೆ ಕೇಳಿ. ಸದ್ದು ಎಲ್ಲಿಂದ ಬರುತ್ತಿದೆ, ತೋರಿಸ್ತೀರಾ? ಯಾವ ಪಾರ್ಟು ಹೋಗಿದೆ? ಈಗ ಮಾಡಿಸದಿದ್ದರೆ ಏನಾಗುತ್ತದೆ? ಇದು ಮಾಡಿಸಿದ ಮೇಲೆ ಮುಂದೆ ಬರುವ ಖರ್ಚು ಯಾವುದು? ಅಂದಾಜು ಪಟ್ಟಿ ಬರೆಸಿಕೊಳ್ಳಿ. ಬಿಚ್ಚಿದ ಹಳೇ ಪಾರ್ಟು ವಾಪಸ್ ಕೇಳಿ. ದೊಡ್ಡ ಮೊತ್ತವಾದರೆ ಇನ್ನೊಬ್ಬರಿಗೆ ತೋರಿಸುವ ತನಕ ಹ್ಞೂಂ ಅನ್ನಬೇಡಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೊನೆಗೊಂದು ಮಾತು. ಬಹಳ ಮನೆಗಳಲ್ಲಿ ಕಾರು ಮಾರಲು ನಿಜವಾದ ಕಾರಣ ಸದ್ದಲ್ಲ, ನಾಚಿಕೆ. ಮದುವೆ ಮನೆ ಮುಂದೆ ಹಳೇ ಕಾರಿನಿಂದ ಇಳಿಯಲು ಮುಜುಗರ. ಆ ಮುಜುಗರ ಒಂದು ಗಳಿಗೆಯದು, ಕಂತು ಐದು ವರ್ಷದ್ದು. ಹೊಸ ಕಾರು ಬೇಕೆನ್ನುವುದು ತಪ್ಪಲ್ಲ. ಶಕ್ತಿ ಇದ್ದರೆ ಖಂಡಿತ ಕೊಳ್ಳಿ. ಆದರೆ ನಮ್ಮ ಬಂಗಾರ, ನಮ್ಮ ಚೀಟಿ ದುಡ್ಡು ಅದರಲ್ಲಿ ಸೇರುವುದಾದರೆ ಬೇಕೋ ಬೇಡವೋ ಅನ್ನುವ ಮಾತಿನಲ್ಲೂ ನಮಗೆ ಪಾಲಿರಬೇಕು. ಏನಂತೀರಿ?