ಹೃದ್ರೋಗಿಯ ಕೈಗೆ ಬರುವ ನೋವಿನ ಮಾತ್ರೆ: ಔಷಧ ಮಹಾನಿಯಂತ್ರಕರಿಗೆ ಒಂದು ಬಹಿರಂಗ ಪತ್ರ

ಭಾರತದ ಔಷಧ ಮಹಾನಿಯಂತ್ರಕರ ಸನ್ನಿಧಿಗೆ,

ಮಾನ್ಯರೇ,

ಹೃದಯಾಘಾತದಿಂದ ಬದುಕುಳಿದು ಮನೆಗೆ ಮರಳಿದ ನನ್ನ ದೊಡ್ಡಪ್ಪನವರು, ಬಹುಕಾಲದ ಮಂಡಿನೋವು ಮತ್ತೆ ಕೆರಳಲು, ವೈದ್ಯರನ್ನು ಕೇಳುವಷ್ಟು ದೊಡ್ಡ ಸಂಗತಿ ಇದಲ್ಲವೆಂದು ಬಗೆದು, ಬೀದಿಯ ತುದಿಯ ಔಷಧದಂಗಡಿಯಿಂದ ಡೈಕ್ಲೋಫಿನಾಕ್ ಮಾತ್ರೆಗಳನ್ನು ತರಿಸಿ ನುಂಗತೊಡಗಿದರು. ವಾರ ತುಂಬುವಷ್ಟರಲ್ಲಿ ಪಾದಗಳು ಬಾತು, ಇರುಳು ಮಲಗಿದರೆ ಉಸಿರು ಕಟ್ಟುವಂತಾಗಿ, ಅವರು ಮರಳಿ ಆಸ್ಪತ್ರೆ ಸೇರಬೇಕಾಯಿತು. ಅಲ್ಲಿಯ ವೈದ್ಯರು ಮೊದಲು ಕೇಳಿದ್ದೇ, ನೋವಿನ ಮಾತ್ರೆ ಏನಾದರೂ ತೆಗೆದುಕೊಂಡಿರಾ ಎಂದು. ಅಂಗಡಿಯಾತನು ಹೃದಯದ ಕಾಯಿಲೆಯಿದೆಯೇ ಎಂದು ಕೇಳಿರಲಿಲ್ಲ, ಚೀಟಿಯನ್ನೂ ಕೇಳಿರಲಿಲ್ಲ. ವೈದ್ಯರ ಚೀಟಿಯಿಲ್ಲದೆ ಮಾರತಕ್ಕುದಲ್ಲವೆಂದು ವಿಧಿಸಿರುವ ‘ಎಚ್’ ಅನುಸೂಚಿಯಲ್ಲಿ ಆ ಮಾತ್ರೆಯಿರುವುದು ತಮಗೆ ತಿಳಿಯದ ವಿಷಯವಲ್ಲ.

ನೋವನ್ನೂ ಉರಿಯೂತವನ್ನೂ ಶಮನಗೊಳಿಸುವ ಈ ವರ್ಗದ ಔಷಧಗಳು, ರಕ್ತನಾಳವನ್ನು ಹಿಗ್ಗಿಸಿ ರಕ್ತವು ಹೆಪ್ಪುಗಟ್ಟದಂತೆ ಕಾಯುವ ಪ್ರೋಸ್ಟಾಸೈಕ್ಲಿನ್ ಎಂಬ ದ್ರವ್ಯದ ಉತ್ಪತ್ತಿಯನ್ನೂ ಕುಗ್ಗಿಸುತ್ತವೆ. ಉಪ್ಪನ್ನೂ ನೀರನ್ನೂ ಮೂತ್ರಪಿಂಡಗಳು ದೇಹದಲ್ಲಿಯೇ ತಡೆದಿಡುವಂತೆ ಮಾಡುತ್ತವೆ. ಆಗ ತಾನೇ ಗಾಯಗೊಂಡ ಹೃದಯಕ್ಕೆ ಇವೆರಡೂ ಸಲ್ಲದ ಭಾರ. 2004ರಲ್ಲಿ ರೋಫೆಕಾಕ್ಸಿಬ್ ಎಂಬ ಮಾತ್ರೆಯನ್ನು ಅದರ ತಯಾರಕರೇ ಜಗತ್ತಿನ ಮಾರುಕಟ್ಟೆಯಿಂದ ಹಿಂತೆಗೆದುಕೊಂಡದ್ದು ಈ ಅಪಾಯದ ದೆಸೆಯಿಂದಲೇ. ಹಿಂದೊಮ್ಮೆ ಹೃದಯಾಘಾತಕ್ಕೊಳಗಾಗಿದ್ದ 83 ಸಾವಿರಕ್ಕೂ ಮಿಕ್ಕ ಜನರ ದಾಖಲೆಗಳನ್ನು ಪರಿಶೀಲಿಸಿದ ಡೆನ್ಮಾರ್ಕಿನ ಸಂಶೋಧಕರು, ಡೈಕ್ಲೋಫಿನಾಕ್ ಸೇವನೆಯ ಆರಂಭದ ದಿನಗಳಿಂದಲೇ ಮರಣದ ಹಾಗೂ ಮರು ಆಘಾತದ ಸಂಭವವು ಹೆಚ್ಚಿತ್ತೆಂದು 2011ರಲ್ಲಿ ಪ್ರಕಟಿಸಿದರು. ನಾಲ್ಕು ದಿನದ ಮಟ್ಟಿಗೆ ಏನಾದೀತು ಎಂಬ ನಮ್ಮ ರೂಢಿಯ ಸಮಾಧಾನಕ್ಕೆ ಇಲ್ಲಿ ಆಧಾರವಿಲ್ಲ. ಯೂರೋಪಿನ ಔಷಧ ಸಂಸ್ಥೆಯು 2013ರಲ್ಲಿಯೇ ಈ ಔಷಧವನ್ನು ಹೃದ್ರೋಗಿಗಳಿಗೆ ಕೊಡಲಾಗದೆಂದು ನಿರ್ಣಯಿಸಿತು.

ವೈದ್ಯರು ವಿಧಿಸಿದ ಅಲ್ಪಪ್ರಮಾಣದ ಆಸ್ಪಿರಿನ್ನಿನ ಮಾತು ಬೇರೆ. ಅದು ಹೃದಯವನ್ನು ಕಾಯುವ ಔಷಧ, ಈ ಪತ್ರವನ್ನೋದಿ ಯಾರೂ ಅದನ್ನು ನಿಲ್ಲಿಸಬಾರದು. ಆ ಆಸ್ಪಿರಿನ್ನಿನ ಉಪಕಾರವನ್ನೇ ಇನ್ನೊಂದು ನೋವಿನ ಮಾತ್ರೆಯಾದ ಐಬುಪ್ರೊಫೆನ್ ತಡೆಯಬಲ್ಲುದೆಂಬುದೂ, ಎರಡೂ ಕೂಡಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಹೆಚ್ಚೆಂಬುದೂ ರೋಗಿಗೆ ತಿಳಿದಿರಬೇಕು.

ಇದೇ ಡೈಕ್ಲೋಫಿನಾಕನ್ನು ಕೊಟ್ಟಿದ್ದ ದನಗಳ ಕಳೇಬರವನ್ನು ತಿಂದು ರಣಹದ್ದುಗಳು ಅಳಿಯುತ್ತಿವೆಯೆಂದು ಅರಿತು, 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ನಮ್ಮ ಸರಕಾರವು ನಿಷೇಧಿಸಿತು. ಅದು ಶ್ಲಾಘ್ಯವಾದ ಕಾರ್ಯ. ಮನಸ್ಸು ಮಾಡಿದರೆ ಆಗುತ್ತದೆಂಬುದಕ್ಕೆ ಸಾಕ್ಷಿ. ಮನುಷ್ಯರಿಗೆ ಅದನ್ನು ಪೂರ್ತಿ ನಿಷೇಧಿಸಿರೆಂದು ನಾನು ಕೇಳುತ್ತಿಲ್ಲ, ಸಂಧಿವಾತದಿಂದ ನರಳುವವರಿಗೆ ಅದರಿಂದ ಉಪಶಮನವುಂಟು.

ಆದುದರಿಂದ, ಚೀಟಿಯಿಲ್ಲದ ಮಾರಾಟವನ್ನು ತಡೆಯುವಂತೆ ರಾಜ್ಯಗಳ ಔಷಧ ನಿಯಂತ್ರಕರಿಗೆ ಬರೆದು ತಿಳಿಸಿರಿ; ಇಂಗ್ಲಿಷನ್ನು ಓದಲರಿಯದ ನಮ್ಮ ಹಿರಿಯರಿಗಾಗಿ, ‘ಹೃದಯದ ಕಾಯಿಲೆಯುಳ್ಳವರು ವೈದ್ಯರನ್ನು ಕೇಳದೆ ಸೇವಿಸಬಾರದು’ ಎಂಬ ಐದು ಪದಗಳನ್ನು ಮಾತ್ರೆಯ ಪಟ್ಟಿಯ ಮೇಲೆ ಕನ್ನಡದಲ್ಲಿ ಅಚ್ಚುಮಾಡಿಸಿರಿ ಎಂದು ಬೇಡಿಕೊಳ್ಳುತ್ತೇನೆ.

ಇತಿ,
ತಮ್ಮ ವಿಧೇಯ ಪ್ರಜೆ